ಚುಕ್ಕಿಯಿಂದ ರೇಖೆಗೆ

ಹಳೆಯ ನಕ್ಷೆಯೊಂದನ್ನು ಸ್ಕ್ಯಾನರಿನ ಮೇಲಿಟ್ಟು ಗುಂಡಿಯೊತ್ತಿದರೆ ಸಾಕು, ಗಣಕಯಂತ್ರವೇ ಅದನ್ನು ಎಂಜಿನಿಯರರ ರೇಖಾಚಿತ್ರವಾಗಿ ಮಾರ್ಪಡಿಸುತ್ತದೆ. ಇನ್ನು ಕೈವಾರ, ಅಳತೆಪಟ್ಟಿಗಳ ಹಂಗೇಕೆ, ರೇಖಾಗಣಿತದ ಗೋಳೇಕೆ ಎಂದು ಕೇಳುವ ವಿದ್ಯಾರ್ಥಿಗಳು ನಮ್ಮಲ್ಲಿ ಇಲ್ಲದಿಲ್ಲ. ಪ್ರಶ್ನೆಯು ಸಹಜವಾದುದೇ. ಗದರಿಸಿ ಸುಮ್ಮನಾಗಿಸುವುದಕ್ಕಿಂತ ವಿಚಾರಮಾಡಿ ನೋಡುವುದು ಉಚಿತ.

ಸ್ಕ್ಯಾನರು ನಮಗೆ ಕೊಡುವುದು ರೇಖೆಗಳನ್ನಲ್ಲ, ಚುಕ್ಕಿಗಳನ್ನು. ಅಂಗುಲಕ್ಕೆ ೩೦೦ ಚುಕ್ಕಿಗಳಂತೆ ಓದಿದರೆ ಎ-೪ ಅಳತೆಯ ಒಂದು ಹಾಳೆಯಲ್ಲಿ ಸುಮಾರು ೮೭ ಲಕ್ಷ ಚುಕ್ಕಿಗಳಾಗುತ್ತವೆ. ಇಂಥ ಚಿತ್ರಕ್ಕೆ ರಾಸ್ಟರ್ ಎಂದು ಹೆಸರು. ವೆಕ್ಟರ್ ಚಿತ್ರದ ಬಗೆಯೇ ಬೇರೆ. ಅಲ್ಲಿ ಸರಳರೇಖೆಯೆಂದರೆ ಎರಡು ತುದಿಗಳು. ವೃತ್ತವೆಂದರೆ ಒಂದು ಕೇಂದ್ರ, ಒಂದು ತ್ರಿಜ್ಯ. ಹೊಸ್ತಿಲ ಮುಂದೆ ನಿಮ್ಮ ತಾಯಂದಿರು ಇಡುವ ರಂಗೋಲಿಯನ್ನು ನೆನೆಯಿರಿ. ಚುಕ್ಕಿಗಳನ್ನು ಯಾರಾದರೂ ಇಡಬಹುದು. ಯಾವ ಚುಕ್ಕಿಯನ್ನು ಬಳಸಿ ಎಳೆ ಎತ್ತ ಸಾಗಬೇಕೆಂಬುದು ಬಲ್ಲವಳಿಗೇ ಗೊತ್ತು.

೧೯೬೩ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್ಲೆಂಡ್ ಎಂಬವರು 'ಸ್ಕೆಚ್‌ಪ್ಯಾಡ್' ಎಂಬ ವ್ಯವಸ್ಥೆಯನ್ನು ರಚಿಸಿ, ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ಗೆರೆಯೆಳೆದು ತೋರಿಸಿದರು. ಈ ಎರಡು ಗೆರೆಗಳು ಸಮಾಂತರವಾಗಿರಲಿ, ಇವು ಸಮನಾಗಿರಲಿ ಎಂದು ಯಂತ್ರಕ್ಕೆ ವಿಧಿಸಲು ಅದರಲ್ಲಿ ಸಾಧ್ಯವಿತ್ತು. ಅಂದರೆ ಈ ವಿದ್ಯೆಯು ಮೊದಲಿನಿಂದಲೂ ನೆಚ್ಚಿದ್ದು ಮಸಿಯ ಗುರುತನ್ನಲ್ಲ, ರೇಖಾಗಣಿತದ ಸಂಬಂಧಗಳನ್ನು.

ಯಂತ್ರವು ಚುಕ್ಕಿಗಳನ್ನು ಹಿಂಬಾಲಿಸಿ ರೇಖೆ ತೆಗೆಯುವಾಗ ಅನೇಕ ಎಡವಟ್ಟುಗಳು ಸಂಭವಿಸುತ್ತವೆ. ದಪ್ಪನಾದ ಒಂದು ಗೆರೆಯ ಎರಡು ಅಂಚುಗಳನ್ನೂ ಹಿಡಿದು, ಒಂದನ್ನು ಎರಡಾಗಿ ಮಾಡಬಹುದು. ವೃತ್ತವು ನೂರಾರು ತುಂಡುಗೆರೆಗಳ ಬಹುಭುಜವಾಗಬಹುದು. ಹಾಳೆಯ ಮಡಿಕೆಯೂ ಕಲೆಯೂ ರೇಖೆಗಳೆನಿಸಿಕೊಳ್ಳಬಹುದು. ಮಳೆಗಾಲದ ತೇವಕ್ಕೆ ಹಿಗ್ಗಿದ ಕಾಗದದಲ್ಲಿ ೧೦೦ ಮಿಲಿಮೀಟರೆಂದು ಬರೆದಿರುವ ಗೆರೆ ಅಷ್ಟೇ ಉದ್ದವಿರಲಾರದು. ಗೆರೆಯನ್ನು ಅಳೆಯಬೇಡ, ಬರೆದ ಅಂಕಿಯನ್ನು ನಂಬು ಎಂಬುದು ನಕ್ಷೆಗಾರರ ಹಳೆಯ ನಿಯಮ. ಈ ದೋಷಗಳನ್ನು ತಿದ್ದದೆ ಕಾರ್ಖಾನೆಗೆ ಕಳುಹಿಸಿದರೆ ತಗಡು ಕತ್ತರಿಸುವ ಯಂತ್ರವು ಒಂದೇ ಕಡೆ ಎರಡು ಸಲ ಕತ್ತರಿಸೀತು. ಯಂತ್ರವು ನಾಚುವುದಿಲ್ಲ, ಕೆಟ್ಟ ತಗಡಿಗೆ ಉತ್ತರ ಹೇಳಬೇಕಾದವನು ಮನುಷ್ಯನು.

ಇಷ್ಟು ಹೇಳಿದುದರಿಂದ ನಾನು ಯಂತ್ರದ ವೈರಿಯೆಂದು ಯಾರೂ ಭಾವಿಸಬಾರದು. ಗೆರೆಯ ನಡುವನ್ನೇ ಹಿಡಿಯುವ, ವೃತ್ತ ಕಂಸಗಳನ್ನು ಗುರುತಿಸುವ, ಅಕ್ಷರಗಳನ್ನು ಓದುವ ಕ್ರಮವಿಧಿಗಳು ಈಗ ಬಳಕೆಯಲ್ಲಿವೆ. ದಿನಗಟ್ಟಲೆಯ ದುಡಿಮೆಯನ್ನು ಅವು ಉಳಿಸುತ್ತವೆ. ಉಳಿಸಲಿ. ಆದರೆ ಅವು ಮಾಡಿಕೊಡುವುದು ಕರಡು ಪ್ರತಿಯನ್ನು ಮಾತ್ರ. ಈ ವೃತ್ತವು ಬೋಲ್ಟಿನ ರಂಧ್ರವೋ ಚಹಾ ಲೋಟದ ಕಲೆಯೋ ಎಂದು ಕೊನೆಗೆ ನಿರ್ಣಯಿಸಬೇಕಾದವನು ನಕ್ಷೆಯನ್ನು ಬಲ್ಲವನೇ. ಆದುದರಿಂದ ಮೊದಲು ಕೈಯಿಂದ ಎಳೆದು ಕಲಿಯುವುದು, ಆ ಬಳಿಕ ಯಂತ್ರದಿಂದ ಕೆಲಸ ತೆಗೆಯುವುದು, ಇದೇ ಸರಿಯಾದ ಕ್ರಮವೆಂಬುದು ನನ್ನ ಅಭಿಪ್ರಾಯ.

ನಾಡಿನಿಂದ ದೂರದ ಈ ಮುಂಬಯಿಯಲ್ಲಿ ನಿಮ್ಮಲ್ಲಿ ಕೆಲವರು ನಾಳೆ ಐ.ಟಿ.ಐ. ಸೇರಿ ನಕ್ಷೆಗಾರರಾಗಬಹುದು. ಕನ್ನಡದಲ್ಲಿ ಓದಿದ ನಮಗೆ ಗಣಕಯಂತ್ರದ ವಿದ್ಯೆ ಹತ್ತೀತೇ ಎಂಬ ಅಳುಕು ಆಗ ಮೂಡದಿರದು. ಅಳುಕಬೇಡಿರಿ. ತೆರೆಯ ಮೇಲಿನ ಹೆಸರುಗಳು ಇಂಗ್ಲಿಷಿನವಾಗಿದ್ದರೂ ಅವು ಸೂಚಿಸುವ ಕೇಂದ್ರ, ತ್ರಿಜ್ಯ, ಸ್ಪರ್ಶಕ, ಲಂಬಗಳು ನೀವು ಇಲ್ಲಿ ಕನ್ನಡದಲ್ಲಿಯೇ ಕಲಿತವು. ಹೊಸ ಹೆಸರುಗಳನ್ನು ಒಂದು ತಿಂಗಳಲ್ಲಿ ರೂಢಿಸಿಕೊಳ್ಳಬಹುದು. ಅರ್ಥವನ್ನು ಹಾಗೆ ತರಾತುರಿಯಲ್ಲಿ ಗಳಿಸಲಾಗದು. ಅದನ್ನು ಈಗಲೇ, ಈ ಬೆಂಚಿನ ಮೇಲೆಯೇ ಗಳಿಸಿರಿ.