ಫೋಟೋ ಸಾಕು ಮಾರಾಯ್ರೆ, ಅಳತೆ ಬರೆಯಿರಿ

ಕೆಲವು ವರ್ಷಗಳ ಹಿಂದೆ ನಾವು ಒಂದು ವರದಿ ಬರೆದಿದ್ದೆವು. ನಮ್ಮ ಪೇಟೆಯ ಮರದ ಕೆಲಸದ ಆಚಾರ್ರು ಊರಿನ ಆರ್ಕೆಸ್ಟ್ರಾದ ಬೇಸ್ ಗಿಟಾರಿಗೆಂದು ತಾವೇ ಒಂದು ಪುಟ್ಟ ಸ್ಪೀಕರ್ ಪೆಟ್ಟಿಗೆ ಮಾಡಿದ್ದರು. ವರದಿಯಲ್ಲಿ ಎಲ್ಲವೂ ಇತ್ತು. ಅವರು ಓದಿದ್ದು ಏಳನೇ ಕ್ಲಾಸು ಎಂಬುದಿತ್ತು, ‘ಯಾವ ಎಂಜಿನಿಯರಿಗೂ ಕಡಿಮೆಯಿಲ್ಲ’ ಎಂಬ ಸಾಲಿತ್ತು, ಉಳಿ ಹಿಡಿದು ನಗುವ ಫೋಟೋ ಇತ್ತು. ‘ಗುಡುಗಿನಂಥ ಧ್ವನಿ’ ಎಂದೂ ಬರೆದಿದ್ದೆವು. ಓದಿದವರು ಬೆನ್ನು ತಟ್ಟಿದರು, ನಾವೂ ಉಬ್ಬಿದೆವು.

ವಾರ ಕಳೆದ ಮೇಲೆ ಘಟ್ಟದ ಮೇಲಿನಿಂದ ಒಬ್ಬ ಓದುಗರ ಫೋನು. ‘ಸಾರ್, ನಮ್ಮ ಹುಡುಗ್ರದ್ದೂ ಒಂದು ತಂಡ ಇದೆ. ಆ ಡಬ್ಬದ ಅಳತೆ ಸ್ವಲ್ಪ ಹೇಳ್ತೀರಾ? ಇಲ್ಲೂ ಬಡಗಿ ಇದ್ದಾರೆ, ಮಾಡಿಸ್ಕೋತೀವಿ.’

ಅಳತೆ? ಮೊಣಕಾಲಿಗಿಂತ ಸ್ವಲ್ಪ ಎತ್ತರ ಇತ್ತು ಅನ್ನುವಷ್ಟೇ ನಮಗೆ ನೆನಪು. ಒಳಗೆ ಎಷ್ಟು ಜಾಗ, ಯಾವ ಸ್ಪೀಕರ್, ಮುಂದಿನ ತೂತು ಯಾತಕ್ಕೆ, ಏನೂ ಗೊತ್ತಿಲ್ಲ. ‘ವಿಚಾರಿಸಿ ಹೇಳುತ್ತೇವೆ’ ಎಂದು ಫೋನಿಟ್ಟು, ಕೈಯಲ್ಲೊಂದು ಟೇಪು ಹಿಡಿದುಕೊಂಡು ಆಚಾರ್ರ ಕೊಟ್ಟಿಗೆಗೆ ಹೋದೆವು.

ಅವರು ನಮ್ಮನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಅವತ್ತು ಬಂದಿರಿ, ಫೋಟೋ ತೆಗೆದಿರಿ, ಚಾ ಕುಡಿದಿರಿ. ಪೆಟ್ಟಿಗೆ ಒಳಗೆ ಎಂತ ಉಂಟು ಅಂತ ಒಬ್ರಾದ್ರೂ ಕೇಳಿದಿರಾ? ಕೇಳಿದ್ರೆ ನಾನೇ ಹೇಳ್ತಿದ್ದೆ, ಅದು ಸರಿ ಆಗ್ಲಿಲ್ಲ ಅಂತ.’

ಸರಿಯಾಗಿರಲಿಲ್ಲ. ನಾವು ‘ಗುಡುಗು’ ಎಂದು ಹೊಗಳಿದ್ದು ಅದರ ದೋಷವನ್ನು! ಗಿಟಾರಿನ ಹುಡುಗ ನುಡಿಸಿ ತೋರಿಸಿದ. ಡಿ ತಂತಿ ಮುಟ್ಟಿದರೆ ಕೊಟ್ಟಿಗೆಯ ಹಂಚೆಲ್ಲ ನಡುಗುತ್ತದೆ. ದಪ್ಪದ ಇ ತಂತಿ ಮುಟ್ಟಿದರೆ ಸ್ಪೀಕರಿನ ಕೋನು ಹೊಯ್ದಾಡುತ್ತದೆ, ಸ್ವರವೇ ಇಲ್ಲ. ಆಚಾರ್ರಿಗೆ ಅದು ಮೊದಲ ದಿನವೇ ಗೊತ್ತಾಗಿತ್ತು. ಯಾಕೆ ಹೀಗೆ ಎಂದು ಹೇಳುವವರು ಯಾರೂ ಇರಲಿಲ್ಲ, ಅಷ್ಟೆ. ಸ್ಪೀಕರಿನ ಜತೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತ್ತಂತೆ. ‘ಅದು ನಿಮಗೆ ಬೇಡ ಬಿಡಿ’ ಎಂದು ಅಂಗಡಿಯವರು ಹೇಳಿದರಂತೆ.

ಹಾಗಾಗಿ ನಮ್ಮ ವಾದವನ್ನು ನೇರವಾಗಿ ಹೇಳುತ್ತೇವೆ. ಕೈಕೆಲಸದವರನ್ನು ಅಳತೆಯಿಲ್ಲದೆ ಹೊಗಳುವುದು ಅವರಿಗೆ ಮಾಡುವ ಅವಮಾನ. ‘ಹಳ್ಳಿ ಹೈದನ ಸಾಧನೆ’ ಎಂಬ ಈ ಮಾದರಿಯ ವರದಿಯನ್ನು ನಾವು ಪತ್ರಿಕೋದ್ಯಮದವರು ಇನ್ನಾದರೂ ಬಿಡಬೇಕು. ಇದರಿಂದ ಮಾಡಿದವನಿಗೆ ಲಾಭವಿಲ್ಲ, ಮಾಡಬೇಕೆಂದವನಿಗೂ ಲಾಭವಿಲ್ಲ. ಲಾಭವೆಲ್ಲ ಬರೆದವನಿಗೆ.

‘ಅಳತೆ, ಲೆಕ್ಕ ಎಲ್ಲ ಹಾಕಿದರೆ ಓದುಗ ಓಡಿಹೋಗುತ್ತಾನೆ’ ಎನ್ನುವವರಿಗಾಗಿ, ಆ ಪೆಟ್ಟಿಗೆಯ ಲೆಕ್ಕವನ್ನೇ ಇಲ್ಲಿ ಕೊಡುತ್ತೇವೆ. ಓಡಿಹೋಗುತ್ತೀರೋ ನೋಡೋಣ.

ಸ್ಪೀಕರಿನ ಕೋನು ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲಾಗುತ್ತದೆ. ಪೆಟ್ಟಿಗೆಯೇ ಇಲ್ಲದಿದ್ದರೆ ಎರಡೂ ಸುತ್ತಿಬಂದು ಒಂದನ್ನೊಂದು ನುಂಗುತ್ತವೆ. ತಗ್ಗಿನ ಸ್ವರಗಳಲ್ಲಿ ಈ ನಷ್ಟ ಹೆಚ್ಚು, ಯಾಕೆಂದರೆ ಅವುಗಳ ಅಲೆ ಉದ್ದ. ಬೇಸ್ ಗಿಟಾರಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಗಾಳಿಯಲ್ಲಿ ಅದರ ಅಲೆಯ ಉದ್ದ 8 ಮೀಟರಿಗೂ ಮಿಕ್ಕಿ. ಹಿಂದಿನ ಅಲೆಯನ್ನು ಕಟ್ಟಿಹಾಕುವುದಕ್ಕೇ ಪೆಟ್ಟಿಗೆ.

ಪೆಟ್ಟಿಗೆಯನ್ನು ಪೂರ್ತಿ ಮುಚ್ಚಬಹುದು, ಆಗ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಅಥವಾ ಒಂದು ಪೈಪು ಇಡಬಹುದು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ‘ಹೂಂ’ ಎನ್ನುತ್ತದಲ್ಲ, ಅದೇ ತತ್ವ. ಪೈಪಿನೊಳಗಿನ ಗಾಳಿ ಒಂದು ತೂಕದಂತೆ, ಪೆಟ್ಟಿಗೆಯ ಗಾಳಿ ಸ್ಪ್ರಿಂಗಿನಂತೆ ಸೇರಿ, ಒಂದು ನಿರ್ದಿಷ್ಟ ಸ್ವರದಲ್ಲಿ ಕೋನಿನ ಕೆಲಸವನ್ನು ಪೈಪೇ ಹೊತ್ತುಕೊಳ್ಳುತ್ತದೆ. ಆ ಸ್ವರಕ್ಕಿಂತ ಕೆಳಗೆ ಹೋದರೆ ಕೋನಿಗೆ ಹಿಡಿತ ತಪ್ಪಿ ಸುಮ್ಮನೆ ಹೊಯ್ದಾಡುತ್ತದೆ. ಆಚಾರ್ರ ಪೆಟ್ಟಿಗೆಯಲ್ಲಿ ಆದದ್ದು ಇದೇ.

ಅವರು ದೊಡ್ಡ ಪೆಟ್ಟಿಗೆಯೊಂದನ್ನು ಹೊರಗಿನಿಂದ ನೋಡಿ ಮಾಡಿದ್ದರು. ಹೊರಗೆ ಕಾಣುವುದು ತೂತು. ತೂತಿನ ಹಿಂದೆ ಪೈಪು ಇರುವುದು ಕಾಣುವುದಿಲ್ಲ. ಹಾಗಾಗಿ ತೂತು ಮಾತ್ರ ಕೊರೆದರು.

ನಾವು ಅಳೆದಾಗ ಒಳಗಿನ ಎತ್ತರ 46 ಸೆಂ.ಮೀ., ಅಗಲ 38, ಆಳ 32. ಗುಣಿಸಿದರೆ ಸುಮಾರು 56 ಲೀಟರ್. ಸ್ಪೀಕರಿನ ಹಿಂಭಾಗ, ಒಳಗಿನ ರೀಪು, ಪೈಪು ನುಂಗುವ ಜಾಗ ಸುಮಾರು 6 ಲೀಟರ್ ಕಳೆದರೆ ಉಳಿಯುವುದು 50. ಮರ 18 ಮಿ.ಮೀ. ಪ್ಲೈವುಡ್, ಸ್ಪೀಕರ್ 12 ಇಂಚಿನದು.

ಪೈಪಿನ ಉದ್ದದ ಲೆಕ್ಕ ಹೀಗೆ. ಪೈಪಿನ ಒಳವ್ಯಾಸವನ್ನು ಸೆಂಟಿಮೀಟರಿನಲ್ಲಿ ಅಳೆದು ವರ್ಗ ಮಾಡಿ, 23,562ರಿಂದ ಗುಣಿಸಿ. ನಮಗೆ ಬೇಕಾದ ಕಂಪನಸಂಖ್ಯೆಯ ವರ್ಗವನ್ನು ಪೆಟ್ಟಿಗೆಯ ಲೀಟರಿನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಉತ್ತರದಲ್ಲಿ, ವ್ಯಾಸವನ್ನು 0.732ರಿಂದ ಗುಣಿಸಿದಷ್ಟನ್ನು ಕಳೆಯಿರಿ. ಉಳಿದದ್ದೇ ಪೈಪಿನ ಉದ್ದ, ಸೆಂಟಿಮೀಟರಿನಲ್ಲಿ.

ಒಳವ್ಯಾಸ 10 ಸೆಂ.ಮೀ., ಪೆಟ್ಟಿಗೆ 50 ಲೀಟರ್, ಬೇಕಾದದ್ದು 45 ಹರ್ಟ್ಸ್. 23,56,200ನ್ನು 1,01,250ರಿಂದ ಭಾಗಿಸಿದರೆ 23.27. ಅದರಲ್ಲಿ 7.32 ಹೋದರೆ ಹತ್ತಿರ ಹತ್ತಿರ 16 ಸೆಂ.ಮೀ.

ಪೈಪಿಲ್ಲದ ಬರೀ ತೂತಿಗೆ ಹಲಗೆಯ ದಪ್ಪವೇ ಉದ್ದ, ಅಂದರೆ 1.8 ಸೆಂ.ಮೀ. ಲೆಕ್ಕವನ್ನು ಹಿಂದಿನಿಂದ ಹಾಕಿದರೆ ಸುಮಾರು 72 ಹರ್ಟ್ಸ್ ಬರುತ್ತದೆ. ಬೇಸ್ ಗಿಟಾರಿನ ಡಿ ತಂತಿ ಎಷ್ಟು? 73! ಡಿ ಗುಡುಗಿದ್ದು, ಇ ಸತ್ತದ್ದು ಯಾಕೆಂದು ಈಗ ಗೊತ್ತಾಯಿತಲ್ಲ. ಆಚಾರ್ರ ಕೈಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದದ್ದು ಒಂದು ಭಾಗಾಕಾರದ ಲೆಕ್ಕ ಮತ್ತು ಒಂದು ಗೇಣಿಗಿಂತ ಗಿಡ್ಡದ ಪಿವಿಸಿ ಪೈಪು.

ಈ ಲೆಕ್ಕ ಅವರಿಗೆ ಅರ್ಥವಾಗುವುದಿಲ್ಲ ಎಂದು ಯಾರು ಹೇಳಿದ್ದು? ಮನೆಗೆ ಆಯ ನೋಡಿ ಕೋಲು, ಅಂಗುಲ ಲೆಕ್ಕ ಹಾಕಿ ಪಂಚಾಂಗದ ಬದಿಯಲ್ಲಿ ಗುಣಾಕಾರ, ಭಾಗಾಕಾರ ಮಾಡುವವರು ಅವರು. ನಾವು ಸೂತ್ರವನ್ನು ಕನ್ನಡದಲ್ಲಿ ಬರೆದುಕೊಟ್ಟೆವು. ನಾವು ಮೊಬೈಲು ಹುಡುಕುವುದರೊಳಗೆ ಅವರು ಹಲಗೆಯ ಚೂರಿನ ಮೇಲೆ ಪೆನ್ಸಿಲಿನಲ್ಲಿ ಉತ್ತರ ಬರೆದಾಗಿತ್ತು.

45 ಹರ್ಟ್ಸ್ ಯಾಕೆ, 41 ಯಾಕಲ್ಲ ಎಂದು ಕೇಳಬಹುದು. ಆ 12 ಇಂಚಿನ ಸ್ಪೀಕರಿನ ಕಾಗದದಲ್ಲಿದ್ದ ಅಂಕಿಗಳಿಗೆ ಅದೇ ಹೊಂದಿತು. ತಂತಿಯ ನಾದದಲ್ಲಿ 41ರ ಜತೆ ಅದರ ಇಮ್ಮಡಿ 82, ಮುಮ್ಮಡಿ 123 ಎಲ್ಲ ಇರುತ್ತವೆ. ಅವು ಸ್ಪಷ್ಟವಾಗಿದ್ದರೆ ಕೆಳಗಿನ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ನಿಮ್ಮ ಸ್ಪೀಕರ್ ಬೇರೆಯಾದರೆ ಲೀಟರೂ ಬೇರೆ, ಪೈಪೂ ಬೇರೆ. ಕಾಗದದಲ್ಲಿ ಮೂರು ಅಂಕಿ ನೋಡಿ. ಎಫ್‌ಎಸ್ ಎಂದರೆ ಸ್ಪೀಕರಿನ ಸ್ವಂತ ಕಂಪನ. ವಿಎಎಸ್ ಎಂದರೆ ಕೋನಿನ ಬಿಗಿತಕ್ಕೆ ಸಮನಾದ ಗಾಳಿ ಎಷ್ಟು ಲೀಟರ್ ಎಂಬುದು. ಕ್ಯುಟಿಎಸ್ ಎಂದರೆ ಆ ಕಂಪನಕ್ಕೆ ಕಡಿವಾಣ ಎಷ್ಟು ಬಿಗಿ ಎಂಬುದು. ಈ ಮೂರನ್ನು ವಿನ್‌ಐಎಸ್‌ಡಿ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಯಾವ ಪೆಟ್ಟಿಗೆಗೆ ಯಾವ ಫಲ ಎಂದು ಗೆರೆ ಎಳೆದು ತೋರಿಸುತ್ತದೆ.

ಈ ಅಂಕಿಗಳ ಹಿಂದಿನ ಕಥೆಯನ್ನು ನಮ್ಮಂಥ ಊರಿನವರು ತಿಳಿದಿರಬೇಕು. ಪೈಪಿನ ಪೆಟ್ಟಿಗೆಯನ್ನು ಲೆಕ್ಕಕ್ಕೆ ತಂದವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್. 1961ರಲ್ಲಿ ಅಲ್ಲಿಯ ಪತ್ರಿಕೆಯೊಂದರಲ್ಲಿ ಬರೆದರು. ಹೊರಗಿನ ಹೆಚ್ಚಿನವರ ಕಣ್ಣಿಗೆ ಅದು ಬೀಳಲಿಲ್ಲ. ಹತ್ತು ವರ್ಷದ ಮೇಲೆ, 1971ರಲ್ಲಿ, ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಅದನ್ನು ಮರುಮುದ್ರಿಸಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ ಅದನ್ನು ಇನ್ನಷ್ಟು ಬೆಳೆಸಿದರು. ಇವತ್ತು ಸ್ಪೀಕರ್ ಕಂಪನಿಗಳು ಅವರಿಬ್ಬರ ಹೆಸರಿನ ಅಂಕಿಗಳನ್ನೇ ಅಚ್ಚು ಹಾಕುತ್ತವೆ. 1961ರಲ್ಲಿ ಅವರ ಊರಿನ ವರದಿಗಾರರು ಬಂದು ‘ಆಸ್ಟ್ರೇಲಿಯಾ ಹೈದನ ಸಾಧನೆ’ ಎಂದು ಫೋಟೋ ಮಾತ್ರ ಹಾಕಿದ್ದರೆ ನಮಗೇನು ಸಿಗುತ್ತಿತ್ತು? ಅವರು ಲೆಕ್ಕ ಬರೆದಿಟ್ಟರು. ಬರೆದ ಲೆಕ್ಕ ಹತ್ತು ವರ್ಷ ತಡವಾದರೂ ನಡೆದು ಬಂತು.

ಇನ್ನು ಅಂಗಡಿಯವರ ಮಾತು. ‘ಇದೆಲ್ಲ ತಲೆಬಿಸಿ ಯಾಕೆ, ವ್ಯಾಟ್ ಜಾಸ್ತಿ ಮಾಡಿ’ ಎನ್ನುತ್ತಾರೆ. 100 ವ್ಯಾಟನ್ನು 200 ಮಾಡಿದರೆ ಏರುವುದು 3 ಡೆಸಿಬೆಲ್. ಕಿವಿಗೆ ಇಮ್ಮಡಿ ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. ಪೈಪಿಲ್ಲದ ಪೆಟ್ಟಿಗೆಗೆ ವ್ಯಾಟ್ ತುಂಬಿದರೆ ಡಿ ಇನ್ನಷ್ಟು ಗುಡುಗುತ್ತದೆ, ಇ ತಂತಿಯ ಹೊತ್ತಿಗೆ ಕೋನು ಹರಿಯುತ್ತದೆ. ಹೊಸ ಕೋನಿಗೆ ಮತ್ತೆ ಅದೇ ಅಂಗಡಿಗೆ ಹೋಗಬೇಕು.

ಹಾಗೆಂದು ‘ಮನೆಯಲ್ಲೇ ಮಾಡಿದ್ದು ಕಂಪನಿಯದನ್ನು ಮೀರಿಸುತ್ತದೆ’ ಎನ್ನುವ ಉತ್ಸಾಹಿಗಳ ಜತೆಗೂ ನಾವಿಲ್ಲ. ಅಮೆರಿಕದ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನ ಕೊನೆಯ ಅಕ್ಷರ ಹಾಫ್‌ಮನ್ ಅವರದು. ಅವರ ಹೆಸರಿನಲ್ಲಿ ಒಂದು ‘ಕಬ್ಬಿಣದ ನಿಯಮ’ ಇದೆ. ಪೆಟ್ಟಿಗೆ ಚಿಕ್ಕದಿರಬೇಕು, ಸ್ವರ ಆಳಕ್ಕೆ ಇಳಿಯಬೇಕು, ಕಡಿಮೆ ವಿದ್ಯುತ್ತಿಗೆ ಜೋರು ಶಬ್ದ ಬರಬೇಕು. ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಡಬೇಕು. ಇದು ಕಂಪನಿಗೂ ಅಷ್ಟೆ, ಆಚಾರ್ರಿಗೂ ಅಷ್ಟೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಗೆ 10 ಇಂಚಿನ ಎಂಟು ಸ್ಪೀಕರುಗಳ ಪೆಟ್ಟಿಗೆ. ಅದಕ್ಕೆ ‘ಫ್ರಿಜ್’ ಎಂದೇ ಅಡ್ಡಹೆಸರು. ದೊಡ್ಡ ಮೈದಾನಕ್ಕೆ ಅದು ಸರಿ. ಮದುವೆಮನೆಗೂ ಜಾತ್ರೆಯ ರಸಮಂಜರಿಗೂ ರಿಕ್ಷಾದಲ್ಲಿ ಹೋಗುವ ನಮ್ಮ ಹುಡುಗನಿಗೆ, ಸ್ಪೀಕರ್ ಸೇರಿ 20 ಕಿಲೋ ಆಸುಪಾಸಿನ ಪೆಟ್ಟಿಗೆ ಬೇಕು. ಏನು ಬಿಡುತ್ತಿದ್ದೇವೆ ಎಂದು ತಿಳಿದು ಬಿಟ್ಟರೆ ಅದು ಆಯ್ಕೆ. ತಿಳಿಯದೆ ಬಿಟ್ಟರೆ ಮೋಸಹೋದಂತೆ.

ಮಾಡುವವರಿಗೆ ಇನ್ನು ನಾಲ್ಕು ಮಾತು. ನಮ್ಮ ಕಡೆಯ ಮಳೆಗೆ ಪಾರ್ಟಿಕಲ್ ಬೋರ್ಡ್ ಉಬ್ಬುತ್ತದೆ, ಐಎಸ್ 710 ಗುರುತಿನ ಮೆರೈನ್ ಪ್ಲೈ ಒಳ್ಳೆಯದು. 8 ಅಡಿ 4 ಅಡಿಯ ಹಾಳೆಯಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಮೂಲೆಗಳಿಗೆ ಒಳಗಿನಿಂದ ರೀಪು ಕೊಟ್ಟು ಗಮ್ ಮತ್ತು ಸ್ಕ್ರೂ ಎರಡೂ ಹಾಕಿ. ಗಾಳಿ ಸೋರಿದರೆ ಲೆಕ್ಕವೆಲ್ಲ ಹಾಳು. ಪೈಪನ್ನು ಮೊದಲು 18 ಸೆಂ.ಮೀ. ಇಡಿ. ಉದ್ದ ಇದ್ದದ್ದನ್ನು ಕತ್ತರಿಸಬಹುದು, ಕತ್ತರಿಸಿದ್ದನ್ನು ಸೇರಿಸುವುದು ಕಷ್ಟ.

ಆಮೇಲೆ ಪರೀಕ್ಷೆ ಮಾಡಿ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಯಲ್ಲಿ 1,000 ಓಮಿನ ಒಂದು ರೆಸಿಸ್ಟರ್ ಹಾಕಿ. ಮೊಬೈಲಿನ ಟೋನ್ ಆ್ಯಪಿನಿಂದ 20 ಹರ್ಟ್ಸಿನಿಂದ ಮೆಲ್ಲಗೆ ಏರಿಸುತ್ತಾ, ಸ್ಪೀಕರಿನ ಎರಡು ಕಾಲುಗಳ ನಡುವಿನ ಎಸಿ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಿ. ಒಮ್ಮೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ನಡುವಿನ ತಗ್ಗು ಎಲ್ಲಿದೆಯೋ ಅದೇ ನಿಮ್ಮ ಪೆಟ್ಟಿಗೆಯ ಸ್ವರ. ಅದು 45ಕ್ಕಿಂತ ಕೆಳಗಿದ್ದರೆ ಪೈಪನ್ನು ಸ್ವಲ್ಪ ಕತ್ತರಿಸಿ ಮತ್ತೆ ನೋಡಿ.

ಇಷ್ಟು ಓದಿದಿರಲ್ಲ? ಓಡಿಹೋಗಲಿಲ್ಲವಲ್ಲ? ಅಡುಗೆ ಅಂಕಣದಲ್ಲಿ ಎಷ್ಟು ಚಮಚ ಎಂದು ಬರೆಯದೆ ಫೋಟೋ ಮಾತ್ರ ಹಾಕಿದರೆ ಯಾವ ಓದುಗರು ಸುಮ್ಮನಿರುತ್ತಾರೆ? ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಡಬೇಕೆಂದಿತು. ಕೃಷಿಕ ಕೃಷಿಕನಿಗೆ ಬರೆಯುವಾಗ ಎಷ್ಟು ಅಡಿ, ಎಷ್ಟು ಕಿಲೋ ಎಂದೇ ಬರೆಯುತ್ತಾನೆ. ಬಡಗಿಯ ಸರದಿ ಬಂದಾಗ ಮಾತ್ರ ನಮಗೆ ಅವರ ನಗು ಸಾಕಾಯಿತು. ಇದು ಓದುಗರ ತಪ್ಪಲ್ಲ, ನಮ್ಮ ಸೋಮಾರಿತನ.

ಆ ಹಳೆಯ ಪೆಟ್ಟಿಗೆಗೆ ಪೈಪು ಕೂರಿಸಿದ್ದಾಗಿದೆ. ಡಿ ಈಗ ಉಳಿದ ಸ್ವರಗಳಂತೆಯೇ ಇದೆ, ಇ ಕೇಳುತ್ತದೆ. ಹಿಂದಿನ ಹಲಗೆ ಮುಚ್ಚುವ ಮುಂಚೆ ಆಚಾರ್ರು ಅದರ ಒಳಬದಿಗೆ ‘50 ಲೀ., 45, ಪೈಪು 16’ ಎಂದು ಪೆನ್ಸಿಲಿನಲ್ಲಿ ಬರೆದರು. ಮುಂದೆ ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಎಂದು. ನಾವು ನಾನೂರು ಶಬ್ದಗಳಲ್ಲಿ ಮಾಡದ ವರದಿಯನ್ನು ಅವರು ಒಂದು ಸಾಲಿನಲ್ಲಿ ಮಾಡಿದರು.

ಘಟ್ಟದ ಮೇಲಿನ ಆ ಓದುಗರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ್ದೇವೆ. ತಡವಾಯಿತು, ಕ್ಷಮೆಯನ್ನೂ ಕೇಳಿದ್ದೇವೆ. ಇನ್ನು ಮುಂದೆ ಕೈಕೆಲಸದ ಬಗ್ಗೆ ಇಲ್ಲಿ ಬರೆಯುವವರು ಕ್ಯಾಮರಾದ ಜತೆ ಟೇಪನ್ನೂ ಒಯ್ಯಬೇಕು. ಅಳತೆಯಿಲ್ಲದ ವರದಿಯನ್ನು ನಾವು ಹಾಕುವುದಿಲ್ಲ. ಈ ಲೆಕ್ಕದಲ್ಲಿ ತಪ್ಪು ಕಂಡರೆ ಹೇಳಿ, ತಿದ್ದುತ್ತೇವೆ. ಬರೀ ಹೊಗಳಿದ್ದರೆ ತಿದ್ದಲಿಕ್ಕಾದರೂ ಏನಿರುತ್ತಿತ್ತು?