ಅರ್ಜಿಯ ಅಲಂಕಾರಕ್ಕಿಂತ ಕೆಲಸದ ದಾಖಲೆ ಮುಖ್ಯ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ ಆಗುವ ದಾರಿ 2021ರ ಸೆಪ್ಟೆಂಬರ್ 1ರಂದು ಬದಲಾಯಿತು. ಅಲ್ಲಿಯವರೆಗೆ ಎಷ್ಟೇ ಚೆನ್ನಾಗಿ ಓದಿದವರಿಗೂ ಹೆಚ್ಚುಕಡಿಮೆ ಒಂದೇ ಬಾಗಿಲು: ಯಾವುದಾದರೊಂದು ವಕೀಲರ ಸಂಸ್ಥೆ ಕರೆದು ಎರಡು ವರ್ಷದ ‘ಟ್ರೈನಿಂಗ್ ಕಾಂಟ್ರ್ಯಾಕ್ಟ್’ ಕೊಡಬೇಕಿತ್ತು. ಅದು ಸಿಗದವರು ಆಗ ಬೇಕಿದ್ದ ಲೀಗಲ್ ಪ್ರಾಕ್ಟೀಸ್ ಕೋರ್ಸನ್ನು ಸಾಲ ಮಾಡಿ ಮುಗಿಸಿದ್ದರೂ ವರ್ಷಗಟ್ಟಲೆ ಪ್ಯಾರಾಲೀಗಲ್ ಎಂಬ ಸಹಾಯಕ ಹುದ್ದೆಯಲ್ಲೇ ಉಳಿಯುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ನಿಯಂತ್ರಕ ಸಂಸ್ಥೆಯಾದ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ ಕೇಳುವುದು ಯಾವುದಾದರೂ ವಿಷಯದ ಪದವಿ ಅಥವಾ ತತ್ಸಮಾನ ಅರ್ಹತೆ, ಎಸ್‌ಕ್ಯೂಇ ಎಂಬ ಎರಡು ಹಂತದ ಕೇಂದ್ರೀಕೃತ ಪರೀಕ್ಷೆ, ಎರಡು ವರ್ಷದ ಕೆಲಸದ ಅನುಭವ ಮತ್ತು ಶುದ್ಧ ನಡತೆ. ಆ ಎರಡು ವರ್ಷ ಒಂದೇ ಕಡೆ ಕಳೆಯಬೇಕೆಂದಿಲ್ಲ. ನಾಲ್ಕು ಸಂಸ್ಥೆಗಳವರೆಗೆ ಹಂಚಿಕೊಳ್ಳಬಹುದು. ವಿಶ್ವವಿದ್ಯಾಲಯದ ಕಾನೂನು ನೆರವು ಕೇಂದ್ರದ ಕೆಲಸ, ಪ್ಯಾರಾಲೀಗಲ್ ನೌಕರಿ, ಕಂಪನಿಯೊಂದರ ಕಾನೂನು ವಿಭಾಗದ ಕೆಲಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಯಮ ಇಷ್ಟು ಬದಲಾದರೂ ಆಕಾಂಕ್ಷಿಗಳಿಗೆ ಸಿಗುವ ಸಲಹೆ ಮಾತ್ರ ಹಳೆಯದೇ. ಅರ್ಜಿಯ ಭಾಷೆ ತಿದ್ದುವುದು, ‘ನಮ್ಮ ಸಂಸ್ಥೆಯೇ ಏಕೆ’ ಎಂಬ ಪ್ರಶ್ನೆಗೆ ಉತ್ತರ ಹೊಸೆಯುವುದು, ಸಂದರ್ಶನಕ್ಕೆ ಮಾತು ಉರು ಹೊಡೆಯುವುದು. ಈ ಸಲಹೆ ತಲೆಕೆಳಗಾಗಿದೆ. ಅರ್ಜಿ, ಸಂದರ್ಶನ, ತರಬೇತಿಯ ಮೊದಲ ವರ್ಷ ಮೂರೂ ಪರೀಕ್ಷಿಸುವುದು ಒಂದೇ ಗುಣವನ್ನು: ತಾನು ಮಾಡಿದ ಕೆಲಸಕ್ಕೆ ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಬಲ್ಲ ಶಕ್ತಿ. ತಯಾರಿ ಅಲ್ಲಿಂದ ಶುರುವಾಗಬೇಕು.

ನಿಯಮದ ಒಳಗಿನ ಒಂದು ಸಂಗತಿ ಇದನ್ನು ಸ್ಪಷ್ಟಪಡಿಸುತ್ತದೆ. ಅನುಭವಕ್ಕೆ ಸಹಿ ಹಾಕುವ ಸಾಲಿಸಿಟರ್ ದೃಢೀಕರಿಸುವುದು ಮೂರೇ ವಿಷಯ: ಎಷ್ಟು ಕಾಲ ಕೆಲಸ ನಡೆಯಿತು, ನಿಗದಿತ ಸಾಮರ್ಥ್ಯಗಳಲ್ಲಿ ಕನಿಷ್ಠ ಎರಡನ್ನು ಬೆಳೆಸಿಕೊಳ್ಳಲು ಅದರಲ್ಲಿ ಅವಕಾಶ ಇತ್ತೇ, ಅಭ್ಯರ್ಥಿಯ ನಡತೆಯ ಬಗ್ಗೆ ಏನಾದರೂ ಪ್ರಶ್ನೆ ಎದ್ದಿತೇ. ಅಭ್ಯರ್ಥಿ ಸಮರ್ಥನೇ ಎಂಬುದಕ್ಕೆ ಆ ಸಹಿ ಪ್ರಮಾಣವಲ್ಲ. ಹಾಗಾಗಿ ಏನು ಕಲಿತೆ ಎಂಬುದನ್ನು ತೋರಿಸುವ ಹೊಣೆ ಪೂರ್ತಿಯಾಗಿ ಅಭ್ಯರ್ಥಿಯದು. ಕಾನೂನು ನೆರವು ಕೇಂದ್ರದಲ್ಲಿ ಬಾಡಿಗೆದಾರರೊಬ್ಬರ ಒಕ್ಕಲೆಬ್ಬಿಸುವ ಪ್ರಕರಣ ಬಂತೆನ್ನೋಣ. ‘ವಸತಿ ಕಾನೂನಿನಲ್ಲಿ ಅನುಭವ ಪಡೆದೆ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ನೋಟಿಸಿನ ದಿನಾಂಕ ಸರಿಯಿದೆಯೇ ಎಂದು ಮೊದಲು ನೋಡಿದ್ದು, ಮುಂಗಡ ಹಣ ನಿಯಮದಂತೆ ಠೇವಣಿಯಾಗಿತ್ತೇ ಎಂದು ವಿಚಾರಿಸಿದ್ದು, ಕಕ್ಷಿದಾರರು ಮುಚ್ಚಿಟ್ಟಿದ್ದ ಬಾಕಿಯ ವಿಷಯ ಎರಡನೆಯ ಭೇಟಿಯಲ್ಲಿ ಹೊರಬಂದಾಗ ಸಲಹೆಯನ್ನು ಬದಲಿಸಬೇಕಾಗಿ ಬಂದದ್ದು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಹೇಳಬಲ್ಲವರು ಬೇರೆಯೇ ಅಭ್ಯರ್ಥಿ. ಆದರೆ ಎರಡು ವರ್ಷದ ನಂತರ ಇದು ನೆನಪಿನಲ್ಲಿ ಉಳಿದಿರುವುದಿಲ್ಲ. ಕಕ್ಷಿದಾರರ ಹೆಸರು, ಗುರುತು ಬಿಟ್ಟು, ಪ್ರತಿ ವಾರ ಬರೆದಿಟ್ಟುಕೊಂಡರೆ ಮಾತ್ರ ಉಳಿಯುತ್ತದೆ. ಗೋಪ್ಯತೆ ಕಾಪಾಡಿಕೊಂಡು ಕೆಲಸವನ್ನು ವಿವರಿಸುವುದೂ ಈ ವೃತ್ತಿಯ ಮೊದಲ ಪಾಠಗಳಲ್ಲಿ ಒಂದು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ದಾಖಲೆಯ ಬೆಲೆ ಇನ್ನೂ ಹೆಚ್ಚಿದೆ. ಸಂಸ್ಥೆಯ ಜಾಲತಾಣದ ಹೊಗಳಿಕೆಯನ್ನೇ ತಿರುಗಿಸಿ ಒಪ್ಪವಾಗಿ ಬರೆದ ಅರ್ಜಿಯನ್ನು ಈಗ ಯಾರು ಬೇಕಾದರೂ ನಿಮಿಷದಲ್ಲಿ ತಯಾರಿಸಬಹುದು; ಆದ್ದರಿಂದಲೇ ಒಪ್ಪವಾದ ಭಾಷೆ ಇನ್ನು ಯಾರನ್ನೂ ಬೇರೆಯವರಿಂದ ಬೇರ್ಪಡಿಸಿ ತೋರಿಸುವುದಿಲ್ಲ. ಅಪಾಯ ಇಷ್ಟಕ್ಕೇ ನಿಲ್ಲುವುದಿಲ್ಲ. 2025ರ ಜೂನ್‌ನಲ್ಲಿ ಲಂಡನ್ನಿನ ಹೈಕೋರ್ಟ್, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ಎರಡು ಪ್ರಕರಣಗಳನ್ನು ಎತ್ತಿಕೊಂಡು ವಕೀಲ ಸಮುದಾಯಕ್ಕೆ ಕಟುವಾದ ಎಚ್ಚರಿಕೆ ಕೊಟ್ಟಿತು: ಪರಿಶೀಲಿಸದೆ ಸಲ್ಲಿಸುವುದು ಶಿಸ್ತುಕ್ರಮಕ್ಕೆ, ಗಂಭೀರ ಸಂದರ್ಭದಲ್ಲಿ ಕ್ರಿಮಿನಲ್ ಕ್ರಮಕ್ಕೂ ದಾರಿ ಮಾಡಬಹುದು. ತನ್ನದೇ ಅರ್ಜಿಯಲ್ಲಿ ಪರಿಶೀಲಿಸದ ಮಾತು ಬರೆಯುವವರು ನಾಳೆ ನ್ಯಾಯಾಲಯಕ್ಕೆ ಏನನ್ನು ಸಲ್ಲಿಸಿಯಾರು ಎಂದು ಆಯ್ಕೆದಾರರು ಯೋಚಿಸುವುದು ಸಹಜ. ಐವತ್ತು ಸಂಸ್ಥೆಗಳಿಗೆ ಒಂದೇ ಪಠ್ಯ ಕಳಿಸುವುದಕ್ಕಿಂತ, ತನ್ನ ಕೆಲಸದ ದಾಖಲೆಗೂ ಸಂಸ್ಥೆಯ ಕೆಲಸಕ್ಕೂ ನಿಜವಾದ ಕೊಂಡಿ ಇರುವ ಎಂಟು ಹತ್ತು ಕಡೆ ಅರ್ಜಿ ಹಾಕುವುದು ಲೇಸು. ಅರ್ಜಿ ಹಾಕುವ ಸಮಯವೂ ಮುಖ್ಯ: ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಎರಡು ವರ್ಷ ಮೊದಲೇ ಆಯ್ಕೆ ಮಾಡುತ್ತವೆ. ರಜಾ ಅವಧಿಯ ಕಿರು ತರಬೇತಿಗೆ ಬಂದವರಿಂದಲೇ ಬಹಳಷ್ಟು ಸ್ಥಾನ ತುಂಬಿಕೊಳ್ಳುತ್ತವೆ. ಪದವಿಯ ಕೊನೆಯ ವರ್ಷದಲ್ಲಿ ಎಚ್ಚೆತ್ತವರಿಗೆ ಹೊತ್ತು ಮೀರಿರುತ್ತದೆ.

ಸಂದರ್ಶನದಲ್ಲಿ ಹೆಚ್ಚಾಗಿ ಒಂದು ಕಾಲ್ಪನಿಕ ಪ್ರಕರಣದ ಕಾಗದಪತ್ರ ಕೊಟ್ಟು ಅಭಿಪ್ರಾಯ ಕೇಳುತ್ತಾರೆ, ಆಮೇಲೆ ಆ ಅಭಿಪ್ರಾಯವನ್ನೇ ಅಲುಗಾಡಿಸುತ್ತಾರೆ. ಹೊಸ ಸಂಗತಿ ಮುಂದಿಟ್ಟಾಗ ಹಳೆಯ ಉತ್ತರಕ್ಕೇ ಅಂಟಿಕೊಳ್ಳುವವರೂ, ಪ್ರಶ್ನೆ ಕೇಳಿದ ಮಾತ್ರಕ್ಕೆ ಮಾತು ಬದಲಿಸುವವರೂ ಇಬ್ಬರೂ ಸೋಲುತ್ತಾರೆ. ಯಾವ ಸಂಗತಿ ತನ್ನ ನಿಲುವನ್ನು ಬದಲಿಸಿತು, ಏಕೆ ಬದಲಿಸಿತು ಎಂದು ಹೇಳಬಲ್ಲವರು ಉಳಿಯುತ್ತಾರೆ. ‘ವ್ಯಾವಹಾರಿಕ ತಿಳಿವಳಿಕೆ’ ಎಂಬ ಹೆಸರಿನಲ್ಲಿ ಬಡ್ಡಿದರ, ಕಂಪನಿ ವಿಲೀನಗಳ ಸುದ್ದಿ ಬಾಯಿಪಾಠ ಮಾಡುವ ಅಭ್ಯಾಸ ವ್ಯಾಪಕವಾಗಿದೆ. ಅದಕ್ಕಿಂತ ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆಯ ಹೊರೈಜನ್ ಹಗರಣವನ್ನು ಆಳವಾಗಿ ಓದುವುದು ಹೆಚ್ಚು ಕಲಿಸುತ್ತದೆ. ದೋಷವಿದ್ದ ಹೊರೈಜನ್ ಕಂಪ್ಯೂಟರ್ ವ್ಯವಸ್ಥೆಯ ಲೆಕ್ಕವನ್ನು ನಂಬಿ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಅಂಚೆ ಕಚೇರಿ ನಿರ್ವಾಹಕರು ಅಪರಾಧಿಗಳೆನಿಸಿದರು; ಹೆಚ್ಚಿನ ಮೊಕದ್ದಮೆಗಳನ್ನು ಹೂಡಿದ್ದು ಪೋಸ್ಟ್ ಆಫೀಸ್ ಸಂಸ್ಥೆಯೇ. 2019ರಲ್ಲಿ ಹೈಕೋರ್ಟ್ ಆ ವ್ಯವಸ್ಥೆಯಲ್ಲಿ ದೋಷವಿತ್ತೆಂದು ತೀರ್ಪು ಕೊಟ್ಟಿತು, 2024ರಲ್ಲಿ ಸಂಸತ್ತು ಕಾಯಿದೆ ಮಾಡಿ ಶಿಕ್ಷೆಗಳನ್ನು ರದ್ದುಪಡಿಸಿತು. ಸಾರ್ವಜನಿಕ ವಿಚಾರಣೆಯಲ್ಲಿ ಸಂಸ್ಥೆಯ ವಕೀಲರೂ ಕಟಕಟೆಗೆ ಬಂದರು: ಎದುರು ಪಕ್ಷಕ್ಕೆ ಕೊಡಬೇಕಾದ ದಾಖಲೆಯನ್ನು ಏಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ಉತ್ತರಿಸಬೇಕಾಯಿತು. ಕಕ್ಷಿದಾರನ ಹಿತ ಮತ್ತು ನ್ಯಾಯಾಲಯಕ್ಕೆ ಸಲ್ಲಬೇಕಾದ ಸತ್ಯ ಎದುರುಬದುರಾದಾಗ ಸಾಲಿಸಿಟರ್ ಎಲ್ಲಿ ನಿಲ್ಲಬೇಕು ಎಂಬುದನ್ನು ಇದರಿಂದ ಕಲಿತವರ ಮಾತಿಗೆ ಸಂದರ್ಶನದಲ್ಲಿ ತೂಕ ಇರುತ್ತದೆ.

ಈ ವಾದಕ್ಕೆ ಬಲವಾದ ಆಕ್ಷೇಪಗಳಿವೆ. ಮೊದಲನೆಯದು ಹಣದ್ದು. ಎಸ್‌ಕ್ಯೂಇಯ ಎರಡೂ ಹಂತಗಳ ಶುಲ್ಕವೇ ಈಗ ಸುಮಾರು 4,900 ಪೌಂಡ್. ತಯಾರಿಯ ಕೋರ್ಸಿನ ವೆಚ್ಚ ಬೇರೆ. ಲಂಡನ್ನಿನ ದೊಡ್ಡ ಸಂಸ್ಥೆಗಳು ಇದನ್ನೆಲ್ಲ ಭರಿಸಿ ಜೀವನ ಭತ್ಯೆಯನ್ನೂ ಕೊಡುವಾಗ, ಈಗಲೂ ಇರುವ ಟ್ರೈನಿಂಗ್ ಕಾಂಟ್ರ್ಯಾಕ್ಟ್ ಬಿಟ್ಟು ಅನುಭವ ಕೂಡಿಸುತ್ತ ಹೋಗು ಎನ್ನುವುದು ಉಳ್ಳವರಿಗಷ್ಟೇ ಹೇಳುವ ಮಾತಲ್ಲವೇ? ಕಾಂಟ್ರ್ಯಾಕ್ಟ್ ಸಿಗುವುದಾದರೆ ಖಂಡಿತ ತೆಗೆದುಕೊಳ್ಳಬೇಕು. ಕೆಲಸದ ದಾಖಲೆ ಇದ್ದವರಿಗೇ ಅದು ಸಿಗುವ ಸಾಧ್ಯತೆ ಹೆಚ್ಚು, ಸಿಗದಿದ್ದರೂ ಆ ದಿನಗಳು ವ್ಯರ್ಥವಾಗುವುದಿಲ್ಲ ಎಂಬುದಷ್ಟೇ ನನ್ನ ಮಾತು. ಎರಡನೆಯ ಆಕ್ಷೇಪ ಶೋಷಣೆಯದು, ಅದನ್ನು ಅಲ್ಲಗಳೆಯುವಂತಿಲ್ಲ. ತರಬೇತಿ ಪಡೆಯುವವರಿಗಿದ್ದ ಕನಿಷ್ಠ ಸಂಬಳದ ಕಡ್ಡಾಯವನ್ನು 2014ರಲ್ಲೇ ಕೈಬಿಡಲಾಯಿತು. ಈಗ ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿ ಇಷ್ಟು ಕೊಡಿ ಎಂದು ಶಿಫಾರಸು ಮಾಡುತ್ತದೆ, ಕಡ್ಡಾಯವಿಲ್ಲ. ಅನುಭವ ಲೆಕ್ಕಕ್ಕೆ ಬರಲು ಸಂಬಳ ಸಿಗಲೇಬೇಕೆಂಬ ನಿಯಮವೂ ಇಲ್ಲ. ಬಡ ಕುಟುಂಬದ ಮಕ್ಕಳನ್ನು ಒಳಗೆ ಕರೆಯಲೆಂದು ತೆರೆದ ಬಾಗಿಲಲ್ಲಿ ಪುಕ್ಕಟೆ ದುಡಿಮೆ ನುಸುಳಿದರೆ ಸುಧಾರಣೆಯ ಉದ್ದೇಶವೇ ಮಣ್ಣುಪಾಲಾಗುತ್ತದೆ. ನಿಯಂತ್ರಕರು ಈ ಬಗ್ಗೆ ಮೌನವಾಗಿರುವುದು ತಪ್ಪು. ಪರೀಕ್ಷೆಯೂ ಸುಲಭದ್ದಲ್ಲ. ಮೊದಲ ಹಂತದಲ್ಲಿ ತಲಾ 180 ಪ್ರಶ್ನೆಗಳ ಎರಡು ಪತ್ರಿಕೆ. 2021ರ ನವೆಂಬರ್‌ನಲ್ಲಿ ಕುಳಿತವರಲ್ಲಿ 53% ಮಂದಿ ಪಾಸಾದರು, 2024ರ ಜುಲೈನಲ್ಲಿ 44%. ಆರು ವರ್ಷದೊಳಗೆ ಮೂರೇ ಅವಕಾಶ. 2024ರಲ್ಲಿ ಪರೀಕ್ಷೆ ನಡೆಸುವ ಕಪ್ಲಾನ್ ಸಂಸ್ಥೆ ಪಾಸಾಗಿದ್ದ 175 ಮಂದಿಗೆ ಫೇಲ್ ಎಂದು ತಿಳಿಸಿ ನಂತರ ತಿದ್ದಿಕೊಂಡಿತು. ಅಷ್ಟರಲ್ಲಿ ಕೆಲವರ ಕೆಲಸದ ಭರವಸೆಗೇ ಕುತ್ತು ಬಂದಿತ್ತು. ‘ಒಮ್ಮೆ ನೋಡೋಣ’ ಎಂದು ಅರೆಮನಸ್ಸಿನಿಂದ ಕೂರುವ ಪರೀಕ್ಷೆ ಇದಲ್ಲ.

ತರಬೇತಿ ಶುರುವಾದ ಮೇಲೆ ಲೆಕ್ಕ ಒಪ್ಪಿಸುವ ಗುಣ ಅತಿ ಕಠಿಣವಾಗಿ ಒರೆಗೆ ಹಚ್ಚಲ್ಪಡುವುದು ತಪ್ಪು ಮಾಡಿದ ದಿನ. ಗಡುವು ಮರೆತುಹೋಗುತ್ತದೆ, ಇಮೇಲ್ ಬೇರೆಯವರಿಗೆ ಹೋಗುತ್ತದೆ. ಕೆಲಸ ಹಿಂದೆ ಬಿದ್ದುದನ್ನು ಮುಚ್ಚಲು ಪತ್ರಗಳಿಗೆ ಹಿಂದಿನ ದಿನಾಂಕ ಹಾಕಿದ್ದ ಕಿರಿಯ ಸಾಲಿಸಿಟರ್ ಒಬ್ಬರ ಪ್ರಕರಣ 2018ರಲ್ಲಿ ಹೈಕೋರ್ಟ್ ಮುಂದೆ ಬಂತು. ಮಾನಸಿಕ ಒತ್ತಡ, ಕಚೇರಿಯ ವಿಷಮ ವಾತಾವರಣ ಎರಡನ್ನೂ ಒಪ್ಪಿ ಶಿಸ್ತು ನ್ಯಾಯಮಂಡಳಿ ಕನಿಕರ ತೋರಿತ್ತು. ಹೈಕೋರ್ಟ್ ಒಪ್ಪಲಿಲ್ಲ, ಅವರ ಹೆಸರನ್ನು ಸಾಲಿಸಿಟರ್‌ಗಳ ಪಟ್ಟಿಯಿಂದ ತೆಗೆದುಹಾಕಿತು. ತೀರ್ಪು ಕ್ರೂರವೆನಿಸಬಹುದು, ಕಿರಿಯರನ್ನು ಆ ಸ್ಥಿತಿಗೆ ದೂಡುವ ಕಚೇರಿಗಳ ಮೇಲೂ ಅಷ್ಟೇ ಕಠಿಣ ಕ್ರಮ ಬೇಕು. ಆದರೆ ತರಬೇತಿಗೆ ಸೇರುವವರು ಇದರಿಂದ ತಿಳಿಯಬೇಕಾದದ್ದು ನೇರವಾಗಿದೆ: ತಪ್ಪನ್ನು ಅಂದೇ ಮೇಲ್ವಿಚಾರಕರಿಗೆ ಹೇಳಿದರೆ ಬಹುಪಾಲು ಸರಿಪಡಿಸಬಹುದು, ಮರೆಮಾಚಿದರೆ ವೃತ್ತಿಯೇ ಹೋಗುತ್ತದೆ.

ಕರ್ನಾಟಕದ ಕಾನೂನು ವಿದ್ಯಾರ್ಥಿಗಳಿಗೂ ಈ ದಾರಿ ದೂರದ್ದಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಿಂದ ಲಂಡನ್ ಸಂಸ್ಥೆಗಳು ಬಹಳ ಹಿಂದೆಯೇ ನೇರವಾಗಿ ಆಯ್ಕೆ ಮಾಡಿಕೊಂಡಿವೆ. ಉಳಿದ ಕಾಲೇಜುಗಳವರಿಗೆ ಆ ಕರೆ ಬರುತ್ತಿರಲಿಲ್ಲ. 2021ರ ನಿಯಮದಿಂದ ನಿಜವಾದ ಪ್ರಯೋಜನ ಅವರಿಗೇ. ಭಾರತದಲ್ಲಿ ಸನದು ಪಡೆದ ವಕೀಲರಿಗೆ ಎರಡು ವರ್ಷದ ಅನುಭವದ ಷರತ್ತು ಅನ್ವಯಿಸುವುದಿಲ್ಲ, ಪರೀಕ್ಷೆ ಪಾಸಾಗಿ ನಡತೆ ಶುದ್ಧವಿದ್ದರೆ ಸಾಕು. ಸನದು ಪಡೆಯದವರು ಇಲ್ಲಿನ ಕಾನೂನು ಕೆಲಸವನ್ನೂ ಅನುಭವವಾಗಿ ತೋರಿಸಬಹುದು. ಮೊದಲ ಹಂತದ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು. ಎರಡನೆಯ ಹಂತದ ಮೌಖಿಕ ಭಾಗಕ್ಕೆ ಇಂಗ್ಲೆಂಡ್ ಅಥವಾ ವೇಲ್ಸ್‌ಗೆ ಹೋಗಲೇಬೇಕು. ಆದರೆ ಸಾಲಿಸಿಟರ್ ಆದ ಮಾತ್ರಕ್ಕೆ ಅಲ್ಲಿ ಉದ್ಯೋಗ ಮಾಡುವ ಹಕ್ಕು ಬರುವುದಿಲ್ಲ. 2025ರ ಜುಲೈನಿಂದ ನುರಿತ ಕೆಲಸಗಾರರ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್. ಹೊಸಬರಿಗೆ ರಿಯಾಯಿತಿ ಇದ್ದರೂ ಸಣ್ಣ ಊರಿನ ಸಣ್ಣ ಕಚೇರಿಗಳಿಗೆ ಅದೂ ಭಾರವೇ, ಪ್ರಾಯೋಜಕತ್ವದ ಪರವಾನಗಿಯೂ ಅವುಗಳಲ್ಲಿ ಅನೇಕಕ್ಕೆ ಇರುವುದಿಲ್ಲ. ಸಾಲ ಮಾಡಿ ಅಲ್ಲಿ ಎಲ್‌ಎಲ್‌ಎಂ ಓದಿ ಆಮೇಲೆ ನೋಡೋಣ ಎನ್ನುವ ಏಜೆಂಟರ ಮಾತು ಈ ಲೆಕ್ಕವನ್ನು ಮುಚ್ಚಿಡುತ್ತದೆ. ಬೆಂಗಳೂರಿನಲ್ಲಾಗಲಿ ಬರ್ಮಿಂಗ್‌ಹ್ಯಾಮ್‌ನಲ್ಲಾಗಲಿ ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ: ನನ್ನ ಕೆಲಸವನ್ನು ಹತ್ತಿರದಿಂದ ನೋಡಿ ಸಹಿ ಹಾಕುವ ಇಂಗ್ಲೆಂಡಿನ ಸಾಲಿಸಿಟರ್ ಯಾರು? ಅವರು ಅದೇ ಕಚೇರಿಯವರೇ ಆಗಬೇಕೆಂದಿಲ್ಲ, ಆದರೆ ಕೆಲಸ ಶುರುವಾಗುವ ಮುನ್ನ ಅವರ ಒಪ್ಪಿಗೆ ಬರಹದಲ್ಲಿ ಕೈಯಲ್ಲಿರಬೇಕು.