ಯಾರೊಡನೆಯೂ ಜಗಳವಿಲ್ಲದ ಪರಿಸರ

ಪರಿಸರ ರಕ್ಷಣೆಯೇ ತನ್ನ ಗುರಿ ಎಂದು ಸಾರಿಕೊಂಡು ಹುಟ್ಟಿದ ಸೌಂದರ್ಯ ಸ್ಪರ್ಧೆ ಮಿಸ್ ಅರ್ಥ್. ಫಿಲಿಪ್ಪೀನ್ಸ್‌ನ ಕರೂಸೆಲ್ ಪ್ರೊಡಕ್ಷನ್ಸ್ ಸಂಸ್ಥೆ ಇದನ್ನು 2001ರಲ್ಲಿ ಆರಂಭಿಸಿತು. ಮೊದಲ ಕಿರೀಟ ಡೆನ್ಮಾರ್ಕಿನ ಕ್ಯಾಥರೀನಾ ಸ್ವೆನ್ಸನ್ ಅವರಿಗೆ ಸಂದಿತು. ಗೆದ್ದವರಿಗೆ ಭೂಮಿಯ ಹೆಸರಿನ ಪಟ್ಟವಾದರೆ ಅವರ ನಂತರದ ಮೂವರಿಗೆ ಗಾಳಿ, ನೀರು, ಬೆಂಕಿಯ ಹೆಸರಿನ ಪಟ್ಟಗಳಿವೆ. ಸ್ಪರ್ಧಿಗಳು ಶಾಲೆಗಳಿಗೆ ಹೋಗಿ ಮಕ್ಕಳೊಡನೆ ಮಾತನಾಡುತ್ತಾರೆ, ಸಸಿ ನೆಡುತ್ತಾರೆ. ಈಜುಡುಗೆ, ಗೌನುಗಳ ಸುತ್ತು ಮುಗಿಸಿ ಕೊನೆಗೆ ವೇದಿಕೆಯ ಮೇಲೆ ಒಂದು ಪ್ರಶ್ನೆಗೆ ಚುಟುಕಾಗಿ ಉತ್ತರ ಹೇಳುತ್ತಾರೆ. 2010ರ ಡಿಸೆಂಬರಿನಲ್ಲಿ ವಿಯೆಟ್ನಾಮಿನ ನ್ಹಾ ಟ್ರಾಂಗ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಬೆಂಗಳೂರಿನ ನಿಕೋಲ್ ಫಾರಿಯಾ ಗೆದ್ದರು. ಈ ಪಟ್ಟ ಪಡೆದ ಮೊದಲ ಭಾರತೀಯರು ಅವರು.

ಸೌಂದರ್ಯ ಸ್ಪರ್ಧೆ ಮೈಮಾಟ ಬಿಟ್ಟು ಮಣ್ಣಿನ ಕಡೆ ತಿರುಗಿದೆ, ಆದ್ದರಿಂದ ಹಿಂದಿನ ತಲೆಮಾರಿನ ಆಕ್ಷೇಪಗಳೆಲ್ಲ ಹಳತಾದವು ಎಂಬ ಮಾತು ಈಗ ಆಗಾಗ ಕೇಳಿಬರುತ್ತದೆ. ಇದು ಮೇಲುಮೇಲಿನ ಮಾತು. ಪರಿಸರದ ಯಾವ ಪ್ರಶ್ನೆಯನ್ನೇ ತೆಗೆದುಕೊಂಡರೂ ಅದರಲ್ಲಿ ಎರಡು ಕಡೆಯವರಿರುತ್ತಾರೆ. ಒಬ್ಬರು ಏನನ್ನಾದರೂ ಬಿಟ್ಟುಕೊಡದೆ ಇನ್ನೊಬ್ಬರಿಗೆ ನೀರಾಗಲಿ ನೆರಳಾಗಲಿ ಸಿಗುವುದಿಲ್ಲ. ಬಿಟ್ಟುಕೊಡಬೇಕಾದವರು ಯಾರು ಎಂದು ಹೆಸರು ಹಿಡಿದು ಹೇಳಲಾರದ ವೇದಿಕೆಗೆ ಪರಿಸರವೂ ತೆರೆಯ ಮೇಲಿನ ಒಂದು ಚಿತ್ರ ಅಷ್ಟೇ.

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಆದ ಇತಿಹಾಸವಿದೆ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಏರ್ಪಡಿಸಿದ್ದು ಅಮಿತಾಭ್ ಬಚ್ಚನ್ ಅವರ ಕಂಪನಿ, ಗೆದ್ದವರು ಗ್ರೀಸಿನ ಐರೀನ್ ಸ್ಕ್ಲಿವಾ. ಪ್ರತಿಭಟನೆ ಎಷ್ಟು ಬಿರುಸಾಗಿತ್ತೆಂದರೆ ಈಜುಡುಗೆಯ ಸುತ್ತನ್ನು ಸೇಷೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ವಿರೋಧಿಸಿದವರೆಲ್ಲ ಒಂದೇ ಬಗೆಯವರಲ್ಲ. ಸಂಸ್ಕೃತಿ ಕೆಟ್ಟಿತು ಎಂದವರು ಹೆಣ್ಣಿನ ಉಡುಗೆಗೆ ತಾವೇ ಅಳತೆಗೋಲು ಹಿಡಿದಿದ್ದರು; ಅವರ ವಾದಕ್ಕೆ ಇಷ್ಟು ಜಾಗ ಸಾಕು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘದ ಆಕ್ಷೇಪ ಬೇರೆಯದು. ಸ್ಪರ್ಧೆಯ ಹಿಂದೆ ಮಾರುಕಟ್ಟೆ ಹುಡುಕುತ್ತ ಬಂದ ಬಹುರಾಷ್ಟ್ರೀಯ ಕಂಪನಿಗಳಿವೆ ಎಂದು ಅದು ವಾದಿಸಿತು. ಸ್ಪರ್ಧೆಗೆ ಪರಿಸರದ ಹೆಸರು ಕೊಟ್ಟ ಮಾತ್ರಕ್ಕೆ ಈ ಎರಡನೆಯ ಆಕ್ಷೇಪ ಬಿದ್ದುಹೋಗುವುದಿಲ್ಲ. ಪ್ರಾಯೋಜಕರು ಎಲ್ಲಿಗೂ ಹೋಗಿಲ್ಲ. ಮಿಸ್ ಅರ್ಥ್‌ನ 2018ರ ಸ್ಪರ್ಧಿಗಳಲ್ಲಿ ಕೆಲವರು ಪ್ರಾಯೋಜಕರೊಬ್ಬರಿಂದ ತಮಗೆ ಕಿರುಕುಳವಾಯಿತೆಂದು ಬಹಿರಂಗವಾಗಿಯೇ ದೂರಿದರು. ಮೈಮಾಟವೂ ಹೋಗಿಲ್ಲ. ಫಿಲಿಪ್ಪೀನ್ಸ್‌ನ ಪ್ರತಿನಿಧಿಯನ್ನು ಆರಿಸುವ 2017ರ ಸ್ಪರ್ಧೆಯ ಒಂದು ಸುತ್ತಿನಲ್ಲಿ ಈಜುಡುಗೆ ತೊಟ್ಟ ಯುವತಿಯರ ಮುಖಕ್ಕೆ ಬಿಳಿ ಬಟ್ಟೆ ಮುಚ್ಚಿ ನಿಲ್ಲಿಸಲಾಯಿತು. ಮುಖ ನೋಡಿ ಮರುಳಾಗದೆ ಮೈಕಟ್ಟಿಗಷ್ಟೇ ಅಂಕ ಕೊಡಲೆಂದು ಈ ಏರ್ಪಾಟಂತೆ! ಸಂತೆಯಲ್ಲಿ ರಾಸು ಕೊಳ್ಳುವವರು ಕೂಡ ಮುಖ ನೋಡದೆ ಬೆಲೆ ಕಟ್ಟುವುದಿಲ್ಲ.

ಗೌರವದಿಂದ ಕೇಳಬೇಕಾದ ಪ್ರತಿವಾದಗಳೂ ಇವೆ. ಸ್ಪರ್ಧೆಗೆ ಇಳಿಯುವುದು ಪ್ರಾಯಕ್ಕೆ ಬಂದ ಹೆಣ್ಣುಮಗಳ ಸ್ವಂತ ತೀರ್ಮಾನ, ಅದನ್ನು ಪ್ರಶ್ನಿಸಲು ಬೇರೆಯವರಿಗೇನು ಹಕ್ಕು ಎಂಬುದು ಒಂದು. ಈ ಮಾತು ಸರಿಯಾದದ್ದೇ. ಸ್ಪರ್ಧೆಯನ್ನು ನಿಷೇಧಿಸಬೇಕೆಂಬ ಬೇಡಿಕೆ ಇದರೆದುರು ನಿಲ್ಲುವುದಿಲ್ಲ. ಸ್ಪರ್ಧಿಗಳನ್ನು ಬುದ್ಧಿಯಿಲ್ಲದ ಬೊಂಬೆಗಳೆಂದು ಆಡಿಕೊಳ್ಳುವವರಿಗೂ ಉತ್ತರವಿದೆ: 2017ರ ಮಿಸ್ ಅರ್ಥ್ ಕ್ಯಾರೆನ್ ಇಬಾಸ್ಕೊ ವೃತ್ತಿಯಿಂದ ವೈದ್ಯಕೀಯ ಭೌತವಿಜ್ಞಾನಿ. ವಿಜ್ಞಾನಿಯ ವರದಿ ಓದದ ಲಕ್ಷಾಂತರ ಜನ ಸುಂದರಿಯ ಮಾತು ಕೇಳುತ್ತಾರೆ, ಪ್ರಸಿದ್ಧಿಯೂ ಒಂದು ಸಾಧನವೇ ಎಂಬ ಇನ್ನೊಂದು ವಾದ ಇನ್ನೂ ಗಟ್ಟಿಯಾದದ್ದು.

ಪ್ರಸಿದ್ಧಿ ಸಾಧನವೇ ಹೌದು. ಆದರೆ ಅದನ್ನು ಪಣಕ್ಕೆ ಒಡ್ಡಿದಾಗ ಮಾತ್ರ. ಜ್ಞಾನಪೀಠ ಪಡೆದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. 1989ರಲ್ಲಿ ಪರಿಸರದ ಪ್ರಶ್ನೆಯನ್ನೇ ಹಿಡಿದು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು, ಸೋತರು. ಆಗ ಅವರಿಗೆ ಎಂಬತ್ತೇಳು ವರ್ಷ. ಯಾವ ಯೋಜನೆ ಬೇಡ, ಅದನ್ನು ತರುತ್ತಿರುವವರು ಯಾರು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಸೌಂದರ್ಯ ಸ್ಪರ್ಧೆಯ ವಿಜೇತೆಗೆ ಒಪ್ಪಂದ, ಪ್ರಾಯೋಜಕರು, ಆತಿಥ್ಯ ನೀಡಿದ ದೇಶದ ಸರ್ಕಾರ ಇವುಗಳ ನಡುವೆ ಹಾಗೆ ಮಾತಾಡುವ ಅವಕಾಶವೇ ಇರುವುದಿಲ್ಲ. ಇದು ಆಕೆಯ ತಪ್ಪಲ್ಲ, ಸ್ಪರ್ಧೆಯ ಕಟ್ಟಳೆಯೇ ಹಾಗಿದೆ.

ಭೂಮಿಯೂ ಹೆಣ್ಣು, ಸುಂದರಿಯೂ ಹೆಣ್ಣು, ಆದ್ದರಿಂದ ಇಬ್ಬರಿಗೂ ನಂಟಿದೆ ಎಂಬ ವಾದಕ್ಕೆ ಉತ್ತರ ಬೇಕಿಲ್ಲ.

ಹಸಿರಾಗಿ ಕಂಡದ್ದೆಲ್ಲ ಪರಿಸರವಲ್ಲ ಎಂಬುದನ್ನು ಯಾವ ಜಿಲ್ಲೆ ಮರೆತರೂ ಕೋಲಾರ ಮರೆಯುವಂತಿಲ್ಲ. ನೀಲಗಿರಿ ಮರ ಭಾರತಕ್ಕೆ ಬಂದದ್ದೇ ಈ ಸೀಮೆಯ ಮೂಲಕ. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದಲ್ಲಿ ಅದನ್ನು ಮೊದಲು ನೆಡಲಾಯಿತೆಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವವರೆಗೆ ನಂದಿ ಕೋಲಾರ ಜಿಲ್ಲೆಗೇ ಸೇರಿತ್ತು. ಸುಮಾರು ಎರಡು ಶತಮಾನದ ಬಳಿಕ, ಎಪ್ಪತ್ತು ಎಂಬತ್ತರ ದಶಕಗಳಲ್ಲಿ, ಅದೇ ಮರ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಜಿಲ್ಲೆಯ ಹೊಲಗಳಿಗೆ ಇಳಿಯಿತು. ಮುಂದೆ ವಿಶ್ವಬ್ಯಾಂಕಿನ ಸಾಲವೂ ಬಂತು. ಸಸಿಗಳನ್ನು ಬಿಟ್ಟಿಯಾಗಿ ಇಲ್ಲವೇ ಪುಡಿಗಾಸಿಗೆ ಹಂಚಿದರು. ದನ ಮುಟ್ಟುವುದಿಲ್ಲ, ಕಾವಲು ಬೇಡ, ಕಳೆ ಕೀಳುವ ಕೂಲಿಯಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ಪಟ್ಟಣ ಸೇರಿದ ಜಮೀನುದಾರನಿಗೆ ಇದಕ್ಕಿಂತ ಇನ್ನೇನು ಬೇಕು? ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ಹೊಲಗಳು ನೀಲಗಿರಿ ತೋಪುಗಳಾದವು. ರಾಗಿ ಕೊಯ್ಲಿನ ಕೂಲಿ ಹೋಯಿತು, ದನಕ್ಕೆ ಹುಲ್ಲು ಹೋಯಿತು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಜಿಲ್ಲೆ ಹಸಿರಾಗುತ್ತಲೇ ಇತ್ತು, ಏಕೆಂದರೆ ಅಲ್ಲಿ ಎಣಿಸುತ್ತಿದ್ದುದು ಸಸಿಗಳನ್ನು. ವಂದನಾ ಶಿವ ಮತ್ತು ಸಂಗಡಿಗರು 1981ರಲ್ಲೇ ಕೋಲಾರದ ಸಾಮಾಜಿಕ ಅರಣ್ಯವನ್ನು ಅಧ್ಯಯನ ಮಾಡಿ ಈ ನಷ್ಟವನ್ನು ದಾಖಲಿಸಿದರು. 1983ರಲ್ಲಿ ರೈತ ಸಂಘದ ತುಮಕೂರು ಜಿಲ್ಲೆಯ ರೈತರು ಸರ್ಕಾರಿ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಹದಿಮೂರು ವರ್ಷಗಳ ನಂತರ ಬೆಂಗಳೂರಿನ ಸ್ಪರ್ಧೆಯನ್ನು ವಿರೋಧಿಸಿದ್ದೂ ಇದೇ ರೈತ ಸಂಘ. ಸಸಿ ಕೀಳುವುದು ಪರಿಸರದ ಕೆಲಸ ಎಂದು ಯಾವ ಸುಂದರಿಯೂ ಯಾವ ವೇದಿಕೆಯ ಮೇಲೂ ಹೇಳಲಾರಳು. ಹೇಳಿದರೆ ತೀರ್ಪುಗಾರರು ಮುಖ ಮುಖ ನೋಡಿಕೊಳ್ಳುತ್ತಾರೆ.

ಕಡಿದ ನೀಲಗಿರಿ ಲಾರಿಗಳಲ್ಲಿ ರೇಯಾನ್ ಮತ್ತು ಕಾಗದದ ಗಿರಣಿಗಳಿಗೆ ಹೋಯಿತು. ಮರವನ್ನು ತಿರುಳು ಮಾಡಿ, ತಿರುಳಿನಿಂದ ನೂಲು ತೆಗೆದು ನೇಯುವ ರೇಯಾನ್ ರೇಷ್ಮೆಯಂತೆ ನುಣುಪಾಗಿ ಇಳಿಬೀಳುವ ಬಟ್ಟೆ, ಫ್ಯಾಶನ್ ಲೋಕಕ್ಕೆ ಬಲು ಬೇಕಾದದ್ದು. ರೇಷ್ಮೆ ಬೆಳೆಯುವ ಜಿಲ್ಲೆಯೇ ತನ್ನ ಹೊಲವನ್ನು ನಕಲಿ ರೇಷ್ಮೆಗೆ ಬಿಟ್ಟುಕೊಟ್ಟಂತಾಯಿತು. ಬದುಕಿನ ಹೊಲ ಬಟ್ಟೆಯ ಗಿರಣಿಗೆ ಹೋದ ಈ ದಾರಿಯನ್ನು ಹಿಡಿದು ನಡೆದರೆ ಸೌಂದರ್ಯಕ್ಕೂ ಪರಿಸರಕ್ಕೂ ಇರುವ ನಿಜವಾದ ಸಂಬಂಧ ಸಿಗುತ್ತದೆ.

ಕೋಲಾರದ ಇಂದಿನ ಪ್ರಶ್ನೆಗಳೂ ಅಷ್ಟೇ ತೊಡಕಿನವು. ಜೀವನದಿಯಿಲ್ಲದ ಈ ಜಿಲ್ಲೆಯಲ್ಲಿ ಸಾವಿರ, ಸಾವಿರದೈನೂರು ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರೀ ದೂಳು ಎದ್ದದ್ದುಂಟು. ನೀರು ಸಿಕ್ಕರೂ ಅದರಲ್ಲಿ ಫ್ಲೋರೈಡ್. 2016ರ ಮಾರ್ಚಿನಲ್ಲಿ ಶಾಶ್ವತ ನೀರಾವರಿಗಾಗಿ ರೈತರು ಟ್ರ್ಯಾಕ್ಟರ್ ಏರಿ ಬೆಂಗಳೂರಿಗೆ ಹೊರಟರು. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧೀಕರಣಗೊಂಡು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿಕೊಂಡು ಹೈಕೋರ್ಟ್ ತಡೆ ನೀಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಗಿ, ಕೊನೆಗೆ ನೀರು ಹರಿಯಿತು. ಕೆರೆಗಳು ತುಂಬಿದವು, ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಕೂಗು ನಿಂತಿಲ್ಲ. ಆ ಖರ್ಚು ಹೊರಬೇಕಾದವರು ಯಾರು? ಕೊಳಚೆ ಯಾರದೋ ಅವರು ಎಂದರೆ ಬೆಂಗಳೂರಿಗೆ ಸಿಟ್ಟು. ಸಿಕ್ಕಿದ್ದರಲ್ಲಿ ತೃಪ್ತಿಪಡಿ ಎಂದರೆ ಕೋಲಾರಕ್ಕೆ ಸಿಟ್ಟು. ಎತ್ತಿನಹೊಳೆಯ ಕಥೆ ಇನ್ನೂ ಕಠಿಣ. ಸಕಲೇಶಪುರದ ಹಳ್ಳಗಳಿಂದ 24 ಟಿಎಂಸಿ ನೀರು ತಿರುಗಿಸುವುದು ಕೋಲಾರದವರಿಗೆ ಬದುಕಿನ ಮಾತು, ನೇತ್ರಾವತಿಯನ್ನು ನಂಬಿದ ದಕ್ಷಿಣ ಕನ್ನಡದವರಿಗೆ ಘಟ್ಟದ ಕಾಡು ಕಡಿಯುವ ಮಾತು. ಎರಡೂ ಕಡೆಯವರು ಪರಿಸರದ ಹೆಸರಿನಲ್ಲೇ ಮಾತನಾಡುತ್ತಾರೆ. ಕಿರೀಟದ ಆಸೆಯುಳ್ಳವರು ಇಲ್ಲಿ ಬಾಯಿ ಬಿಟ್ಟರೆ ಅರ್ಧ ಸಭೆ ಎದ್ದು ಹೋಗುತ್ತದೆ. ಪ್ಲಾಸ್ಟಿಕ್ ಕಡಿಮೆ ಮಾಡೋಣ, ಮಕ್ಕಳಿಗೆ ಅರಿವು ಮೂಡಿಸೋಣ ಎಂದರೆ ಯಾರೂ ಏಳುವುದಿಲ್ಲ. ಸ್ಪರ್ಧೆ ಆರಿಸಿಕೊಂಡಿರುವುದು ಈ ಎರಡನೆಯ ದಾರಿಯನ್ನು.

ಸಸಿ ನೆಡುವುದನ್ನೇ ಆದರೂ ಹತ್ತಿರದಿಂದ ನೋಡಬಹುದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಮಾವಿನ ಸೀಮೆ; ಬಾದಾಮಿ, ತೋತಾಪುರಿ, ನೀಲಂ ಇಲ್ಲಿನ ಬದುಕು. ಕಸಿಗಿಡ ಕೂರಿಸುವವರು ಕಸಿಯ ಗಂಟು ಮಣ್ಣಿಗೆ ತಾಗದಂತೆ ಮೇಲೆ ಬಿಡುತ್ತಾರೆ. ಗಂಟಿನ ಕೆಳಗೆ ಒಡೆದ ಚಿಗುರನ್ನು ಚಿವುಟುತ್ತಾರೆ, ಇಲ್ಲದಿದ್ದರೆ ಕಾಡುಗಿಡ ಮೇಲೆದ್ದು ಕಸಿ ಸಾಯುತ್ತದೆ. ಮೊದಲ ವರ್ಷಗಳ ಹೂವನ್ನೂ ಉದುರಿಸುತ್ತಾರೆ. ಬೇಲಿಗೆ ಮುಳ್ಳು, ಪಾತಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಈ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಪರಿಸರ ದಿನವಾದ ಜೂನ್ 5ರಂದು ಫೋಟೊಗಾಗಿ ನೆಟ್ಟ ಸಸಿಗೆ ಆ ಮಳೆ ಬರುವವರೆಗೆ ನೀರು ಹೊರುವವರಿಲ್ಲದಿದ್ದರೆ ಅದು ಒಣಗುವುದು ಖಂಡಿತ. ನೆಡುವುದು ಒಂದು ಗಳಿಗೆಯ ಕೆಲಸ, ಸಾಕುವುದು ವರ್ಷಗಳ ಖರ್ಚು. ಸ್ಪರ್ಧೆಯ ವೇಳಾಪಟ್ಟಿಯಲ್ಲಿ ಮೊದಲನೆಯದಕ್ಕೆ ಮಾತ್ರ ಸ್ಥಳವಿದೆ.

ಇಷ್ಟರಿಂದ ಮಿಸ್ ಅರ್ಥ್ ನಿಲ್ಲಬೇಕೆಂದೇನೂ ಆಗುವುದಿಲ್ಲ. ಮನರಂಜನೆಯಾಗಿ, ಉದ್ಯಮವಾಗಿ, ಕೆಲವು ಯುವತಿಯರ ವೃತ್ತಿಗೆ ಮೆಟ್ಟಿಲಾಗಿ ಅದು ನಡೆಯಲಿ. ಪರಿಸರದ ಕೆಲಸಗಳ ಪಟ್ಟಿಯಲ್ಲಿ ಅದನ್ನು ಸೇರಿಸುವುದಕ್ಕಷ್ಟೇ ತಕರಾರು. ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ತುಮಕೂರಿನ ರೈತರು ಸಸಿ ಕಿತ್ತ ಮೂವತ್ತನಾಲ್ಕು ವರ್ಷಗಳ ಮೇಲೆ.